ಗೋಲ್ಡ್ ಫಿಶ್ ಮೈಮೇಲೆ ರವೆಯಂಥ ಬಿಳಿ ಚುಕ್ಕೆ. ಏನು ಮಾಡಲಿ ಡಾಕ್ಟ್ರೇ?

ಪ್ರಶ್ನೆ (ಬಂಗಾರಪೇಟೆ, ಕೋಲಾರ ಜಿಲ್ಲೆ): ನಮ್ಮದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ. ಮೂರು ಗೋಲ್ಡ್ ಫಿಶ್ ಇದ್ದವು. ಹೋದ ವಾರ ಇನ್ನೊಂದು ತಂದು ಬಿಟ್ಟೆವು. ಈಗ ನಾಲ್ಕಕ್ಕೂ ಬಾಲ, ರೆಕ್ಕೆ ಮೇಲೆ ರವೆ ಉದುರಿಸಿದ ಹಾಗೆ ಚುಕ್ಕೆ. ಕಲ್ಲಿಗೆ ಮೈ ಉಜ್ಜುತ್ತಿವೆ. ಬೋರ್‌ವೆಲ್ ನೀರು, ತುಂಬಾ ಗಡಸು. ಅದರಿಂದಾನಾ? ಮಗಳು ಊಟಾನೇ ಬಿಟ್ಟಿದ್ದಾಳೆ.

ಉತ್ತರ (ಮೀನು ವೈದ್ಯ): ಗಡಸು ನೀರಿನ ತಪ್ಪಲ್ಲ. ಗೋಲ್ಡ್ ಫಿಶ್ ಅದಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಇದು ಬಿಳಿ ಚುಕ್ಕೆ ರೋಗ, ಅಂಗಡಿಯವರು ‘ಇಕ್’ ಅನ್ನುತ್ತಾರೆ. ಬಹುಶಃ ಹೊಸ ಮೀನಿನ ಜೊತೆ ಬಂದಿದೆ. (ಚುಕ್ಕೆ ಬರೀ ಕಿವಿರಿನ ಮುಚ್ಚಳದ ಮೇಲಿದ್ದರೆ ಗಾಬರಿ ಬೇಡ. ಮೊಟ್ಟೆ ಕಾಲದಲ್ಲಿ ಗಂಡು ಮೀನಿಗೆ ಹಾಗೆ ಬರುತ್ತದೆ. ನಿಮ್ಮದು ಅದಲ್ಲ.)

ಈ ರೋಗ ತರುವುದು ಒಂದು ಪುಟ್ಟ ಪರಾವಲಂಬಿ ಜೀವಿ. ಅದು ಮೀನಿನ ಚರ್ಮದ ಒಳಗೆ ಕೂತಿರುವಾಗ ಯಾವ ಔಷಧಿಯೂ ಅದನ್ನು ಮುಟ್ಟುವುದಿಲ್ಲ. ಬಲಿತ ಮೇಲೆ ಉದುರಿ ತೊಟ್ಟಿಯ ತಳಕ್ಕೆ ಅಂಟಿಕೊಂಡು, ಒಂದು ನೂರಾರಾಗಿ ಒಡೆಯುತ್ತದೆ. ಆ ಮರಿಗಳು ಮೀನನ್ನು ಹುಡುಕುತ್ತಾ ಈಜುವಾಗ ಮಾತ್ರ ಔಷಧಿಗೆ ಸಾಯುತ್ತವೆ. ಅದಕ್ಕೇ ಚಿಕಿತ್ಸೆ ಮೀನಿಗಲ್ಲ, ನೀರಿಗೆ.

ಮೊದಲು ಹೀಟರ್ ಇಟ್ಟು ದಿನಕ್ಕೆ ಎರಡು ಡಿಗ್ರಿಯಂತೆ 28ಕ್ಕೆ ಏರಿಸಿ. ನಿಮ್ಮ ಕಡೆ ಚಳಿಗಾಲದ ರಾತ್ರಿಯಲ್ಲಿ ನೀರು ತಣ್ಣಗಾದರೆ ಈ ಸುತ್ತು ವಾರಗಟ್ಟಲೆ ಎಳೆಯುತ್ತದೆ. ಬೆಚ್ಚಗಿದ್ದರೆ ಕೆಲವೇ ದಿನದಲ್ಲಿ ಮುಗಿಯುತ್ತದೆ. ಬಿಸಿ ನೀರಿನಲ್ಲಿ ಆಕ್ಸಿಜನ್ ಕಮ್ಮಿ, ಏರ್ ಪಂಪ್ ಹಗಲೂ ರಾತ್ರಿ ಓಡಲಿ.

ಆಮೇಲೆ ಉಪ್ಪು. ನಿಮ್ಮ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರಿರುತ್ತದೆ. ಲೀಟರಿಗೆ 2 ಗ್ರಾಂ ಅಂದರೆ 100 ಗ್ರಾಂ ಕಲ್ಲುಪ್ಪು. ಬೇರೆ ಪಾತ್ರೆಯಲ್ಲಿ ಕರಗಿಸಿ, ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿ. ಗಿಡಗಳಿದ್ದರೆ ತೆಗೆದುಬಿಡಿ. ದಿನ ಬಿಟ್ಟು ದಿನ ತಳದ ಕಸ ಎಳೆದು ಕಾಲು ಭಾಗ ನೀರು ಬದಲಿಸಿ. ಬೋರ್‌ವೆಲ್ ನೀರನ್ನು ಹಿಂದಿನ ರಾತ್ರಿಯೇ ಬಕೆಟ್‌ನಲ್ಲಿ ಹಿಡಿದು, ಗಾಳಿ ಆಡಿಸಿ, ತೊಟ್ಟಿಯಷ್ಟೇ ಬೆಚ್ಚಗೆ ಮಾಡಿ ಹಾಕಿ. ತೆಗೆದ ನೀರಿನ ಲೆಕ್ಕಕ್ಕೆ ಮಾತ್ರ ಉಪ್ಪು ಸೇರಿಸಿ. ಉಪ್ಪು ಆವಿಯಾಗುವುದಿಲ್ಲ, ಅಲ್ವಾ?

ಪ್ರಶ್ನೆ (ಮುಳಬಾಗಿಲು): ನಮ್ಮ ಮನೇಲಿ ಅರಿಶಿನ ಹಾಕಿ ಅಂತಾರೆ. ಹಾಕಬಹುದಾ?

ಉತ್ತರ: ಬೇಡ. ಪುಡಿ ತಳದಲ್ಲಿ ಕೂತು ಕೊಳೆತು ನೀರು ಕೆಡಿಸುತ್ತದೆ. ನರಳುವ ಮೀನಿಗೆ ಅದು ಇನ್ನೂ ಕಷ್ಟ. ಉಪ್ಪಿಗೆ ಬಗ್ಗದಿದ್ದರೆ ಮಲಾಕೈಟ್ ಗ್ರೀನ್ ಇರುವ ಔಷಧಿ ಸಿಗುತ್ತದೆ. ಬಾಟಲಿ ಮೇಲಿನ ಅಳತೆ ಮೀರಬೇಡಿ, ಗ್ಲೌಸ್ ಹಾಕಿಕೊಳ್ಳಿ, ಫಿಲ್ಟರಿನ ಇದ್ದಿಲು ತೆಗೆದಿಡಿ. ಇಲ್ಲದಿದ್ದರೆ ಔಷಧಿಯನ್ನು ಅದೇ ಹೀರಿಬಿಡುತ್ತದೆ.

ಪ್ರಶ್ನೆ (ಬಂಗಾರಪೇಟೆ, ಆರು ದಿನದ ನಂತರ): ಚುಕ್ಕೆ ಎಲ್ಲ ಹೋಯ್ತು! ಮಗಳು ಕುಣಿಯುತ್ತಿದ್ದಾಳೆ. ನಿಲ್ಲಿಸಲಾ?

ಉತ್ತರ: ಓದಿ ತುಂಬಾ ಖುಷಿಯಾಯ್ತು. ಆದರೆ ದಯವಿಟ್ಟು ಈಗ ನಿಲ್ಲಿಸಬೇಡಿ. ಬಹಳ ಜನ ಮೀನು ಕಳೆದುಕೊಳ್ಳುವುದು ಇಲ್ಲೇ. ಮೈಮೇಲಿಂದ ಉದುರಿದ್ದು ಈಗ ತಳದಲ್ಲಿ ಒಡೆಯುತ್ತಿರಬಹುದು. ಇನ್ನೂ ಹತ್ತು ದಿನ ಹೀಗೇ ಮುಂದುವರಿಸಿ. ಆಮೇಲೆ ನೀರು ಬದಲಿಸುತ್ತಾ ಉಪ್ಪು ಇಳಿಸಿ. ನಾಲ್ಕು ಗೋಲ್ಡ್ ಫಿಶ್‌ಗೆ 50 ಲೀಟರ್ ಸಾಲದು, ಕೈಲಾದಾಗ ದೊಡ್ಡ ತೊಟ್ಟಿ ಮಾಡಿ. ಮುಂದೆ ಹೊಸ ಮೀನು ತಂದರೆ ನಾಲ್ಕು ವಾರ ಬೇರೆ ಟಬ್‌ನಲ್ಲಿ ಇಡಿ. ಅದಕ್ಕೆ ಬಲೆಯೂ ಬೇರೆಯೇ ಇರಲಿ, ಪ್ರತಿ ಸಲ ಬಿಸಿಲಿಗೆ ಒಣಗಿಸಿ.