ಶೆಲ್ಟರ್‌ನಿಂದ ಬಂದ ಪುಟ್ಟ ನಾಯಿಗಳು: ಪಶುವೈದ್ಯರಿಗೆ ನಿಮ್ಮ ಪ್ರಶ್ನೆಗಳು

ಡಾಕ್ಟರ್: ಶೆಲ್ಟರ್‌ಗಳಲ್ಲಿ ಜಾಗವಿಲ್ಲ. ದೊಡ್ಡ ನಾಯಿಗಳ ನಡುವೆ ಪುಟ್ಟವು ಮೂಲೆ ಹಿಡಿದು ಊಟ ಬಿಡುತ್ತವೆ. ಅಂಥವನ್ನು ಸ್ವಲ್ಪ ಕಾಲಕ್ಕೆ ಮನೆಗೆ ತಂದು ನೋಡಿಕೊಳ್ಳುತ್ತಿರುವವರು ಇಲ್ಲಿ ಕೇಳಿ. ವಯಸ್ಸು, ತೂಕ, ಲಸಿಕೆ ಆಗಿದೆಯೇ, ಯಾವಾಗ ತಂದಿರಿ ಎಲ್ಲ ಬರೆಯಿರಿ.

ಎರಡು ಬಾಲ: ನಮಸ್ತೆ ಡಾಕ್ಟ್ರೇ. ನಿನ್ನೆ ಒಂದು ಪಗ್ ತಂದೆವು, 3 ವರ್ಷ ಇರಬಹುದು. ನಮ್ಮ ನಾಯಿಯ ಜೊತೆ ಯಾವಾಗ ಬಿಡಬಹುದು?

ಡಾಕ್ಟರ್: ಕನಿಷ್ಠ 14 ದಿನ ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಹಾಸಿಗೆ. ಮೊದಲು ನಿಮ್ಮ ನಾಯಿಯ ಕೆಲಸ ಮುಗಿಸಿ, ಆಮೇಲೆ ಹೊಸದರ ಹತ್ತಿರ ಹೋಗಿ. ಬಂದ ಮೇಲೆ ಕೈ ತೊಳೆದು ಬಟ್ಟೆ ಬದಲಿಸಿ. ಪಾರ್ವೊ, ಡಿಸ್ಟೆಂಪರ್, ಕೆನಲ್ ಕೆಮ್ಮಿನಂಥ ಅಂಟುರೋಗ ಒಳಗಿದ್ದರೂ ತಂದ ದಿನ ನಾಯಿ ಚುರುಕಾಗಿಯೇ ಇರಬಹುದು. ಕೆಮ್ಮು ಶುರುವಾದರೆ ಕೊರಳಪಟ್ಟಿ ಹಿಡಿದು ಎಳೆಯಬೇಡಿ, ಎದೆಗೆ ಹಾಕುವ ಹಾರ್ನೆಸ್ ಬಳಸಿ.

ಮಳೆಬಿಲ್ಲು: ಎಲ್ಲರಿಗೂ ಉಪಯೋಗವಾಗಲಿ ಅಂತ ಹಾಕುತ್ತಿದ್ದೇನೆ. «ಊಟದಲ್ಲಿ ಬೆಳ್ಳುಳ್ಳಿ ಅರೆದು ಹಾಕಿದರೆ ಉಣ್ಣೆ ಹುಳ ಹತ್ತಿರ ಬರುವುದಿಲ್ಲ. ಕರ್ಪೂರದ ಎಣ್ಣೆ ಹಚ್ಚಿದರೆ ಕಜ್ಜಿ ಮಾಯ.»

ಡಾಕ್ಟರ್: ಎರಡೂ ಬೇಡ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಕರ್ಪೂರ ನೆಕ್ಕಿದರೆ ಫಿಟ್ಸ್ ಬರಬಹುದು. ಎರಡು ಮೂರು ಕಿಲೋ ತೂಕದ ದೇಹಕ್ಕೆ ಸ್ವಲ್ಪವೇ ಸಾಕು. ಕಜ್ಜಿಯಲ್ಲೂ ಬೇರೆ ಬೇರೆ ಇವೆ. ಡೆಮೊಡೆಕ್ಸ್ ಆದರೆ ನಿಮಗೆ ಹರಡುವುದಿಲ್ಲ, ಸಾರ್ಕಾಪ್ಟಿಕ್ ಆದರೆ ನಿಮಗೂ ತುರಿಕೆ ಹತ್ತುತ್ತದೆ. ಚರ್ಮ ಕೆರೆದು ಪರೀಕ್ಷೆ ಮಾಡಿಸಿ.

ಕಿಟಕಿ ಪಕ್ಕ: ರಾತ್ರಿ ಒಂಟಿಯಾಗಿ ಬಿಟ್ಟರೆ ಬೊಗಳುತ್ತಲೇ ಇರುತ್ತದೆ. ಏನು ಮಾಡಲಿ?

ಚಿನ್ನುವಿನ ಅಮ್ಮ: ಡಾಕ್ಟ್ರೇ, ಪಾಮರೇನಿಯನ್, ಹೆಣ್ಣು, ಸುಮಾರು 8 ವರ್ಷ, ತೂಕ 3 ಕಿಲೋ. ಮರಿ ಹಾಕಿಸಿ ಹಾಕಿಸಿ ಕೊನೆಗೆ ಯಾರೋ ಶೆಲ್ಟರ್ ಬಾಗಿಲಲ್ಲಿ ಬಿಟ್ಟುಹೋಗಿದ್ದರಂತೆ. ಹೋದ ವಾರ ತಂದೆ. ಎರಡು ದಿನದಿಂದ ಊಟ ಮುಟ್ಟುತ್ತಿಲ್ಲ. ನೀರು ಮಾತ್ರ ಕುಡಿದೇ ಕುಡಿಯುತ್ತಾಳೆ, ರಾತ್ರಿಯೆಲ್ಲ ಉಚ್ಚೆ. ಹೊಟ್ಟೆ ಬಿಗಿಯಾಗಿದೆ. ಮರಿ ಆಗದಂತೆ ಮಾಡುವ ಆಪರೇಷನ್ ಆಗಿಲ್ಲ. ಒಂದೂವರೆ ತಿಂಗಳ ಹಿಂದೆ ಬೆದೆಗೆ ಬಂದಿದ್ದಳಂತೆ. ಹೊಸ ಜಾಗದ ಭಯ ಅಲ್ವಾ?

ಡಾಕ್ಟರ್: ಭಯ ಅಂತ ಬಿಡಬೇಡಿ. ಇವತ್ತೇ, ಈಗಲೇ ಹೊರಡಿ. ಸ್ಕ್ಯಾನ್ ಮತ್ತು ಸರ್ಜರಿ ಎರಡೂ ಇರುವ ಆಸ್ಪತ್ರೆಗೆ ಮೊದಲು ಫೋನ್ ಮಾಡಿ, ಮಿಕ್ಕದ್ದನ್ನು ಆಮೇಲೆ ಓದಿ.

ನನಗೆ ಅನುಮಾನ ಇರುವುದು ಪಯೋಮೆಟ್ರಾ, ಅಂದರೆ ಗರ್ಭಕೋಶದಲ್ಲಿ ಕೀವು. ಬೆದೆ ಮುಗಿದ ಮೇಲೆ ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಹಾರ್ಮೋನು ಜಾಸ್ತಿ ಇರುತ್ತದೆ. ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಬೆದೆಯ ಹೊತ್ತಿನಲ್ಲಿ ಒಳಗೆ ಹೋದ ಬ್ಯಾಕ್ಟೀರಿಯಾ, ಸಾಮಾನ್ಯವಾಗಿ ಇ. ಕೊಲಿ, ಅಲ್ಲೇ ಬೆಳೆಯುತ್ತದೆ. ಕೀವು ಹೊರಗೆ ಸೋರಿದರೆ ಜನ ನೋಡಿ ಓಡಿ ಬರುತ್ತಾರೆ. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಕಾಣುವುದಿಲ್ಲ, ಹೊಟ್ಟೆ ಮಾತ್ರ ತುಂಬುತ್ತಾ ಹೋಗುತ್ತದೆ. ಇದೇ ಜಾಸ್ತಿ ಅಪಾಯ. ವಿಷ ರಕ್ತಕ್ಕೆ ಸೇರಿದಾಗ ಕಿಡ್ನಿಗೆ ನೀರು ಹಿಡಿದಿಡಲು ಆಗುವುದಿಲ್ಲ. ಅಷ್ಟು ಬಾಯಾರಿಕೆ ಅದಕ್ಕೇ. ಜ್ವರ ಇಲ್ಲ ಅಂತ ಸಮಾಧಾನ ಪಡಬೇಡಿ, ಎಷ್ಟೋ ನಾಯಿಗಳಿಗೆ ಇದರಲ್ಲಿ ಜ್ವರವೇ ಬರುವುದಿಲ್ಲ.

ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆಯಲ್ಲೂ ನೀರು ಜಾಸ್ತಿ ಕುಡಿಯುತ್ತವೆ. ಆದ್ದರಿಂದ ಸ್ಕ್ಯಾನ್ ಜೊತೆ ರಕ್ತ ಪರೀಕ್ಷೆಯೂ ಆಗಲಿ. ಕೀವೇ ಆಗಿದ್ದರೆ ಡ್ರಿಪ್, ಆಂಟಿಬಯೋಟಿಕ್ ಕೊಟ್ಟು ಸುಧಾರಿಸಿ ಗರ್ಭಕೋಶ, ಅಂಡಾಶಯ ತೆಗೆಯುತ್ತಾರೆ. ಬರೀ ಮಾತ್ರೆ ಕೊಟ್ಟು ವಾಪಸ್ ಕಳಿಸಿದರೆ ಒಪ್ಪಬೇಡಿ. ಹೊಟ್ಟೆ ಒತ್ತಿ ನೋಡಬೇಡಿ, ಒಳಗೆ ಒಡೆಯಬಹುದು. ಬಲವಂತವಾಗಿ ತಿನ್ನಿಸಬೇಡಿ. ನೀರು ಕಿತ್ತುಕೊಳ್ಳಬೇಡಿ.

ಇನ್ನೊಂದು ವಿಷಯ. ಕಾಗದದಲ್ಲಿ ಅವಳು ಇನ್ನೂ ಶೆಲ್ಟರ್‌ನವಳು. ಸರ್ಜರಿಗೆ ಒಪ್ಪಿಗೆ, ಖರ್ಚು ಯಾರದು ಎಂಬುದನ್ನು ದಾರಿಯಲ್ಲೇ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಅದಕ್ಕಾಗಿ ಮನೆಯಲ್ಲಿ ಕಾಯಬೇಡಿ.

ಚಿನ್ನುವಿನ ಅಮ್ಮ: ಹೊರಟೆ.

ನೇರ ಮಾತು: ಶೆಲ್ಟರ್‌ನವರು ಗೊತ್ತಿದ್ದೇ ಕಾಯಿಲೆ ನಾಯಿ ಸಾಗಹಾಕಿದ್ದಾರೆ.

ಗೂಡು: ನಾನು ಶೆಲ್ಟರ್‌ನಲ್ಲಿ ಕೆಲಸ ಮಾಡುತ್ತೇನೆ. ಒಂದೇ ಗೂಡಿನಲ್ಲಿ ಐದಾರು ನಾಯಿ ಇದ್ದಾಗ ಯಾವುದು ಎಷ್ಟು ನೀರು ಕುಡಿಯಿತು ಅಂತ ಹೇಗೆ ಗೊತ್ತಾಗಬೇಕು? ಮನೆಗೆ ಹೋದ ಮೇಲಲ್ವಾ ಕಂಡದ್ದು?

ನೇರ ಮಾತು: ಹಾಗಾದರೆ ಅಷ್ಟೊಂದು ಯಾಕೆ ತುಂಬಿಸುತ್ತೀರಿ? ಆಮೇಲೆ ಫಾಸ್ಟರ್ ಅಂತ ಸ್ವಲ್ಪ ಕಾಲಕ್ಕೆ ಒಂದು ಮನೆ, ದತ್ತು ಅಂತ ಇನ್ನೊಂದು ಮನೆ. ಎರಡೆರಡು ಸಲ ಆ ಜೀವದ ಮನಸ್ಸು ಒಡೆಯುತ್ತೀರಿ.

ಗೂಡು: ಬಾಗಿಲಿಗೆ ಕಟ್ಟಿಹೋದದ್ದನ್ನು ಬಿಸಿಲಲ್ಲಿ ಬಿಡಬೇಕಿತ್ತಾ? ಒಂದು ನಾಯಿ ಫಾಸ್ಟರ್ ಮನೆಗೆ ಹೋದರೆ ಇನ್ನೊಂದಕ್ಕೆ ಜಾಗ ಆಗುತ್ತದೆ. ನೀವು ಎಷ್ಟು ನಾಯಿ ತಂದಿದ್ದೀರಿ, ಹೇಳಿ ನೋಡೋಣ.

ನೇರ ಮಾತು: ಲೆಕ್ಕ ನಿಮಗೆ ಒಪ್ಪಿಸಬೇಕಿಲ್ಲ.

ಎರಡು ಬಾಲ: ಸುಮ್ನಿರಿ ಇಬ್ಬರೂ. ಪ್ರಶ್ನೆಗಳು ಮೇಲೆ ಹೋಗಿಬಿಡುತ್ತಿವೆ.

ಹೊಸಬ: ಸರ್, ಡ್ಯಾಶ್‌ಹುಂಡ್ ತಂದಿದ್ದೇನೆ. ನಮ್ಮ ನಾಯಿಯಿಂದ ಎಷ್ಟು ದಿನ ದೂರ ಇಡಬೇಕು?

ಡಾಕ್ಟರ್: 14. ಮೇಲೆ ಓದಿ.

ಮಳೆಬಿಲ್ಲು: ಮೈ ಬಿಸಿ ಇದ್ದರೆ ಅರ್ಧ ಪ್ಯಾರಾಸಿಟಮಾಲ್ ಸಾಕು ಅಂತ ಇನ್ನೊಂದು ಗ್ರೂಪಿನಲ್ಲಿ ಬಂದಿದೆ.

ಡಾಕ್ಟರ್: ಕೊಡಬೇಡಿ. ಮನುಷ್ಯರ ಅರ್ಧ ಮಾತ್ರೆ ಪುಟ್ಟ ನಾಯಿಯ ಲಿವರ್ ಹಾಳುಮಾಡಬಹುದು. ಐಬುಪ್ರೊಫೆನ್‌ನಿಂದ ಹೊಟ್ಟೆಯಲ್ಲಿ ಹುಣ್ಣಾಗಿ ಕಿಡ್ನಿ ಹೋಗುತ್ತದೆ. ಇದು ನಿಮ್ಮ ಎರಡನೇ ಫಾರ್ವರ್ಡ್. ಯಾರಾದರೂ ನಂಬಿ ಕೊಟ್ಟರೆ ಆ ನಾಯಿಗೆ ಯಾರು ಹೊಣೆ? ಅಡ್ಮಿನ್, ದಯವಿಟ್ಟು ಎರಡನ್ನೂ ತೆಗೆಯಿರಿ.

ಮಳೆಬಿಲ್ಲು: ಒಳ್ಳೆಯದಾಗಲಿ ಅಂತ ಹಾಕಿದೆ. ಹೀಗೆ ಮಾತಾಡಬೇಕಾ?

ಬೆಚ್ಚನೆ: ಅರ್ಜೆಂಟ್! ಚಿವಾವಾ ಮರಿ, 2 ತಿಂಗಳು. ಬೆಳಿಗ್ಗೆಯಿಂದ ತಿಂದಿಲ್ಲ. ತೂರಾಡುತ್ತಿದೆ, ಮೈ ತಣ್ಣಗಿದೆ.

ಡಾಕ್ಟರ್: ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಸಕ್ಕರೆ ಪಾಕ ಬೆರಳಿಗೆ ಹಚ್ಚಿ ಒಸಡಿಗೆ ತಿಕ್ಕಿ. ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಬಟ್ಟೆ ಸುತ್ತಿ ಬೆಚ್ಚಗಿಟ್ಟು ಕರೆದುಕೊಂಡು ಹೋಗಿ. ಎದ್ದು ಕೂತರೂ ಹೋಗಿ, ಪಾರ್ವೊ ಪರೀಕ್ಷೆ ಆಗಬೇಕು. ಇಷ್ಟು ಚಿಕ್ಕ ಮರಿಗೆ ಮೂರು ನಾಲ್ಕು ಗಂಟೆಗೊಮ್ಮೆ ಊಟ ಬೇಕು.

ಕಿಟಕಿ ಪಕ್ಕ: ನನ್ನ ಬೊಗಳುವ ಪ್ರಶ್ನೆ ಹಾಗೇ ಉಳಿಯಿತು.

ಸಂಜೆ: ಎಷ್ಟು ದಿನ ಬೇರೆ ಇಡಬೇಕು ಅಂತ ಯಾರಾದರೂ ಹೇಳಿ ಪ್ಲೀಸ್.

ಎರಡು ಬಾಲ: ಓದುವ ಅಭ್ಯಾಸವೇ ಇಲ್ಲವೇನ್ರೀ? 14!

ಚಿನ್ನುವಿನ ಅಮ್ಮ: ಸ್ಕ್ಯಾನ್ ಆಯಿತು. ಕೀವೇ. ಡ್ರಿಪ್ ಹಾಕಿದ್ದಾರೆ, ರಾತ್ರಿ ಸರ್ಜರಿ. ಶೆಲ್ಟರ್‌ನವರು ಒಪ್ಪಿಗೆ ಕಳಿಸಿದರು, ಖರ್ಚು ಅರ್ಧ ನಮ್ಮದು. ಕೈ ನಡುಗುತ್ತಿದೆ.

ಡಾಕ್ಟರ್: ಸರಿಯಾದ ಹೊತ್ತಿಗೆ ಹೋಗಿದ್ದೀರಿ. ಕಿಡ್ನಿ ರಿಪೋರ್ಟ್ ಬಂದ ತಕ್ಷಣ ನನಗೆ ನೇರವಾಗಿ ಕಳಿಸಿ, ಇಲ್ಲಿ ಹಾಕಬೇಡಿ. ಸರ್ಜರಿ ಮುಗಿದ ಮೇಲೂ ಒಂದೆರಡು ದಿನ ಅಲ್ಲೇ ಇಟ್ಟುಕೊಳ್ಳುತ್ತೇವೆ ಅಂದರೆ ಹೂಂ ಅನ್ನಿ. ನಾನು ಫೋನ್ ಹತ್ತಿರವೇ ಇರುತ್ತೇನೆ.