ಪಬ್‌ಮೆಡ್‌ನಲ್ಲಿ ಸಾವಿರಗಟ್ಟಲೆ ಪೇಪರ್ ಬರುತ್ತಿವೆ, ಕಡಿಮೆ ಮಾಡುವುದು ಹೇಗೆ? ಅನುಭವ ಇರುವವರು ಹೇಳಿ

ಪ್ರಶ್ನೆ

ನಮಸ್ಕಾರ. ನಾನು ನರ್ಸಿಂಗ್ ಸ್ನಾತಕೋತ್ತರ ವಿದ್ಯಾರ್ಥಿನಿ. ಸಕ್ಕರೆ ಕಾಯಿಲೆ ಇರುವವರ ಕಾಲಿನ ಹುಣ್ಣಿಗೆ ಜೇನುತುಪ್ಪದ ಡ್ರೆಸ್ಸಿಂಗ್ ಹಾಕಿದರೆ ಬೇಗ ಮಾಯುತ್ತದೆಯೇ ಅನ್ನೋದು ನನ್ನ ಥೀಸಿಸ್ ವಿಷಯ. ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ತಾಣ ಪಬ್‌ಮೆಡ್‌ನಲ್ಲಿ ‘ಡಯಾಬಿಟಿಸ್ ವೂಂಡ್ ಟ್ರೀಟ್‌ಮೆಂಟ್’ ಅಂತ ಹಾಕಿದೆ. ಸಾವಿರಾರು ಬಂದವು. ಹೆದರಿ ಎಡಗಡೆಯ ಫಿಲ್ಟರ್‌ಗಳನ್ನು ಒಂದೊಂದಾಗಿ ಒತ್ತಿದೆ. ಕಳೆದ 5 ವರ್ಷ, ಉಚಿತವಾಗಿ ಪೂರ್ತಿ ಓದಲು ಸಿಗುವಂಥವು, ಮನುಷ್ಯರ ಮೇಲಿನ ಅಧ್ಯಯನ, ಇಂಗ್ಲಿಷ್ ಭಾಷೆ. ಪಟ್ಟಿ ಚಿಕ್ಕದಾಯಿತು. ಆದರೆ ನಮ್ಮ ಗೈಡ್ ಓದಲು ಕೊಟ್ಟಿದ್ದ ಎರಡು ಪೇಪರ್‌ಗಳೂ ಅದರಲ್ಲಿ ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ವೈದ್ಯಕೀಯ ಗ್ರಂಥಾಲಯದಲ್ಲಿ ಕೆಲಸ ಮಾಡುವವರು

ಈ ಪ್ರಶ್ನೆ ಹಿಡಿದುಕೊಂಡು ನನ್ನ ಹತ್ತಿರ ವಾರಕ್ಕೆ ಒಬ್ಬರಾದರೂ ಬರುತ್ತಾರೆ. ಬಂದ ತಕ್ಷಣ ನಾನು ಮಾಡಿಸುವ ಮೊದಲ ಕೆಲಸ, ಎಲ್ಲ ಫಿಲ್ಟರ್ ತೆಗೆಸುವುದು. ಫಿಲ್ಟರ್ ಕೊನೆಗೆ. ಮೊದಲು ಪದಗಳು.

ನೀವು ಹಾಕಿದ ಮೂರು ಪದ ಮತ್ತೊಮ್ಮೆ ನೋಡಿ. ನಿಮ್ಮ ವಿಷಯ ಜೇನುತುಪ್ಪ. ಆ ಮೂರರಲ್ಲಿ ಜೇನೂ ಇಲ್ಲ, ಕಾಲೂ ಇಲ್ಲ, ಅಲ್ವಾ? ಯಂತ್ರಕ್ಕೆ ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ, ಗಾಯ, ಚಿಕಿತ್ಸೆ ಈ ಮೂರೂ ಸೇರುವ ಎಲ್ಲವನ್ನೂ ಅದು ತಂದು ಸುರಿಯಿತು. ‘ಟ್ರೀಟ್‌ಮೆಂಟ್’ ಪದವನ್ನು ಬಿಟ್ಟೇ ಬಿಡಿ. ವೈದ್ಯಕೀಯ ಪೇಪರ್‌ಗಳಲ್ಲಿ ಆ ಪದ ಇಲ್ಲದಿರುವುದೇ ಅಪರೂಪ, ಹಾಗಾಗಿ ಅದು ಏನನ್ನೂ ಜರಡಿ ಹಿಡಿಯುವುದಿಲ್ಲ.

ಪ್ರಶ್ನೆಯನ್ನು ಎರಡು ಗುಂಪು ಮಾಡಿಕೊಳ್ಳಿ. ಯಾರಿಗೆ? ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು ಇರುವವರಿಗೆ. ಏನು ಹಾಕುವುದು? ಜೇನು. ಸದ್ಯಕ್ಕೆ ಇವೆರಡೇ ಸಾಕು. ‘ಬೇಗ ಮಾಯುವುದು’ ಅನ್ನೋದನ್ನು ಈಗಲೇ ಸೇರಿಸಬೇಡಿ. ಎಷ್ಟೋ ಅಬ್‌ಸ್ಟ್ರಾಕ್ಟ್‌ಗಳಲ್ಲಿ (ಪೇಪರ್‌ನ ಸಾರಾಂಶ) ಅದನ್ನು ಬೇರೆ ಬೇರೆ ಮಾತಿನಲ್ಲಿ ಹೇಳಿರುತ್ತಾರೆ, ಸುಮ್ನೆ ಒಳ್ಳೆಯ ಪೇಪರ್ ಕೈಬಿಟ್ಟು ಹೋಗುತ್ತದೆ.

ಈಗ ಮೆಶ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1960ರಲ್ಲಿ ಶುರು ಮಾಡಿದ ವಿಷಯ ಪದಗಳ ಪಟ್ಟಿ ಇದು. ಲೇಖಕರು ಒಂದೇ ಕಾಯಿಲೆಯನ್ನು ಹತ್ತು ರೀತಿ ಕರೆದರೂ ಪೇಪರ್‌ಗೆ ಅಂಟಿಸುವ ಚೀಟಿ ಒಂದೇ. ಹಾರ್ಟ್ ಅಟ್ಯಾಕ್ ಅಂತ ಬರೆದರೂ ಚೀಟಿ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್. ನಿಮ್ಮ ವಿಷಯಕ್ಕೆ ‘ಡಯಾಬಿಟಿಕ್ ಫುಟ್’ ಅನ್ನೋ ಚೀಟಿಯೇ ಇದೆ, ‘ಹನಿ’ ಅನ್ನೋದೂ ಇದೆ. ಇದು ಮರದ ಕೊಂಬೆಗಳ ಥರ ಜೋಡಿಸಿದ ಪಟ್ಟಿ. ಮೇಲಿನ ಕೊಂಬೆ ಹಿಡಿದರೆ ಕೆಳಗಿನವೆಲ್ಲ ತಾವಾಗಿಯೇ ಬರುತ್ತವೆ. ‘ಡಯಾಬಿಟಿಸ್ ಕಾಂಪ್ಲಿಕೇಷನ್ಸ್’ ಹಿಡಿದರೆ ಕಣ್ಣು, ಕಿಡ್ನಿ, ನರದ ತೊಂದರೆಗಳೆಲ್ಲ ಬಂದು ಕೂರುತ್ತವೆ. ನಿಮಗೆ ಬೇಕಾದದ್ದು ಕೆಳಗಿನ ಸಣ್ಣ ಕೊಂಬೆ.

ಆದರೆ ಮೆಶ್ ಒಂದನ್ನೇ ನಂಬಬೇಡಿ. ತೀರಾ ಹೊಸ ಪೇಪರ್‌ಗಳಿಗೆ ಚೀಟಿ ಇನ್ನೂ ಅಂಟಿರುವುದಿಲ್ಲ. ಮೆಡ್‌ಲೈನ್‌ಗೆ (ಪಬ್‌ಮೆಡ್‌ನಲ್ಲಿ ಮೆಶ್ ಚೀಟಿ ಅಂಟಿಸುವ ಭಾಗ) ಸೇರದ ಜರ್ನಲ್‌ಗಳ ಪೇಪರ್‌ಗಳಿಗೆ ಅದು ಸಿಗುವುದೂ ಇಲ್ಲ. ಅದಕ್ಕೇ ಮೆಶ್ ಪದದ ಜೊತೆಗೆ, ಶೀರ್ಷಿಕೆ, ಅಬ್‌ಸ್ಟ್ರಾಕ್ಟ್ ಮತ್ತು ಲೇಖಕರು ಕೊಟ್ಟ ಕೀವರ್ಡ್‌ಗಳಲ್ಲಿ ಮಾತ್ರ ಹುಡುಕು ಅನ್ನುವ ಗುರುತನ್ನೂ ಹಾಕಬೇಕು. ಪದದ ಮುಂದೆ ಚೌಕ ಬ್ರಾಕೆಟ್ಟಿನಲ್ಲಿ ಟಿ, ಐ, ಎ, ಬಿ ಈ ನಾಲ್ಕು ಅಕ್ಷರ. ಮೆಶ್‌ಗೆ ಎಂ, ಎಚ್. ನಾನಾಗಿದ್ದರೆ ಹೀಗೆ ಹಾಕುತ್ತಿದ್ದೆ (ಟೈಪ್ ಮಾಡುವಾಗ ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಜೋಡಿಸುವ ಪದಗಳು ಕ್ಯಾಪಿಟಲ್‌ನಲ್ಲಿ; ‘ಆರ್’ ಅಂದರೆ ಯಾವುದಾದರೂ ಒಂದಿದ್ದರೆ ಸಾಕು, ‘ಆಂಡ್’ ಅಂದರೆ ಎರಡೂ ಇರಬೇಕು, ಸ್ಟಾರ್ ಗುರುತು ಅಂದರೆ ಪದದ ಕೊನೆ ಹೇಗಿದ್ದರೂ ಸರಿ):

(ಡಯಾಬಿಟಿಕ್ ಫುಟ್ [ಎಂಎಚ್] ಆರ್ ಡಯಾಬಿಟಿಕ್ ಫುಟ್ [ಟಿಐಎಬಿ] ಆರ್ ಫುಟ್ ಅಲ್ಸರ್* [ಟಿಐಎಬಿ]) ಆಂಡ್ (ಹನಿ [ಎಂಎಚ್] ಆರ್ ಹನಿ [ಟಿಐಎಬಿ])

ಬ್ರಾಕೆಟ್ ಮರೆಯಬೇಡಿ. ಪಬ್‌ಮೆಡ್ ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತದೆ. ‘ಹನಿ ಆಂಡ್ ಡಯಾಬಿಟಿಕ್ ಫುಟ್ ಆರ್ ಫುಟ್ ಅಲ್ಸರ್’ ಅಂತ ಬ್ರಾಕೆಟ್ ಇಲ್ಲದೆ ಬರೆದರೆ, ಜೇನಿಗೆ ಸಂಬಂಧವೇ ಇಲ್ಲದ ಫುಟ್ ಅಲ್ಸರ್ ಪೇಪರ್‌ಗಳೆಲ್ಲ ಒಳಗೆ ಬರುತ್ತವೆ.

ಗುರುತು ಯಾಕೆ ಬೇಕು ಅಂತ ಒಂದು ಮಾತು. ಏನೂ ಹಾಕದಿದ್ದರೆ ಪಬ್‌ಮೆಡ್ ಲೇಖಕರ ಹೆಸರು, ಅವರ ಸಂಸ್ಥೆಯ ವಿಳಾಸವನ್ನೂ ಸೇರಿಸಿ ಹುಡುಕುತ್ತದೆ. ‘ಡಯಾಬಿಟಿಸ್’ ಅನ್ನುವ ಹೆಸರಿನ ವಿಭಾಗದಲ್ಲಿ ಕೂತವರು ಥೈರಾಯ್ಡ್ ಬಗ್ಗೆ ಬರೆದರೂ ಅದು ನಿಮ್ಮ ಪಟ್ಟಿಗೆ ಬರಬಹುದು. ‘ಹನಿ’ ಅಂತ ಬರೀ ಒಂದು ಪದ ಹಾಕಿದರಂತೂ ಜೇನುಹುಳುಗಳ ಮೇಲಿನ ಪೇಪರ್‌ಗಳೇ ರಾಶಿ ಬೀಳುತ್ತವೆ. ಪಬ್‌ಮೆಡ್ ನಿಮ್ಮ ಪದಗಳನ್ನು ಹೇಗೆ ಅರ್ಥ ಮಾಡಿಕೊಂಡಿತು ಅಂತ ನೋಡಬೇಕೇ? ಅಡ್ವಾನ್ಸ್‌ಡ್ ಪುಟಕ್ಕೆ ಹೋಗಿ, ಹಿಸ್ಟರಿಯಲ್ಲಿ (ನೀವು ಮಾಡಿದ ಹುಡುಕಾಟಗಳ ಪಟ್ಟಿ) ‘ಡೀಟೇಲ್ಸ್’ ಬಿಚ್ಚಿ. ನೀವು ಮೂರು ಪದ ಹಾಕಿದ್ದನ್ನು ಅದು ಎಷ್ಟು ಉದ್ದ ಎಳೆದಿದೆ ಅಂತ ಕಾಣುತ್ತದೆ. ನಾನು ಕಲಿತದ್ದರಲ್ಲಿ ಜಾಸ್ತಿ ಭಾಗ ಆ ಸಾಲನ್ನು ಓದಿಯೇ.

ವಾರ್ಡ್ ಡ್ಯೂಟಿಯಲ್ಲಿರುವ ವೈದ್ಯರು

ಮೇಲೆ ಹೇಳಿದ್ದು ಥೀಸಿಸ್‌ಗೆ ಸರಿ. ನನ್ನದು ಬೇರೆ ಥರ. ರೌಂಡ್ಸ್‌ಗೆ ಹೋಗುವ ಮೊದಲು ಹತ್ತು ನಿಮಿಷ ಇರುತ್ತದೆ, ಅಷ್ಟರಲ್ಲಿ ಒಂದು ಉತ್ತರ ಬೇಕು. ಎಷ್ಟು ಸಾವಿರ ಬಂದವು ಅಂತ ನಾನು ನೋಡುವುದೇ ಇಲ್ಲ. ಬೆಸ್ಟ್ ಮ್ಯಾಚ್ ಕ್ರಮದಲ್ಲಿ ಬಂದ ಮೊದಲ ಪುಟದ ಮೇಲೆ ಕಣ್ಣಾಡಿಸುತ್ತೇನೆ. ಅದಕ್ಕೂ ಮೊದಲು ಕ್ಲಿನಿಕಲ್ ಕ್ವೆರೀಸ್ ಅನ್ನೋ ಪುಟಕ್ಕೆ ಹೋಗುತ್ತೇನೆ. ಅಲ್ಲಿ ಥೆರಪಿ, ಡಯಾಗ್ನೋಸಿಸ್, ಪ್ರೋಗ್ನೋಸಿಸ್ ಅಂತ ಆರಿಸಿ, ನ್ಯಾರೋ ಅಥವಾ ಬ್ರಾಡ್ ಅಂತ ಹೇಳಿದರೆ ಸಾಕು. ಚಿಕಿತ್ಸೆಯ ಪ್ರಶ್ನೆಗೆ ನ್ಯಾರೋ ಇಟ್ಟರೆ ಮುಖ್ಯವಾಗಿ ರ‍್ಯಾಂಡಮೈಸ್ಡ್ ಟ್ರಯಲ್‌ಗಳು (ಯಾರಿಗೆ ಯಾವ ಚಿಕಿತ್ಸೆ ಅಂತ ಚೀಟಿ ಎತ್ತಿದ ಹಾಗೆ ಹಂಚಿ ಮಾಡುವ ಪ್ರಯೋಗ) ಉಳಿಯುತ್ತವೆ.

ಒಂದು ಒಳ್ಳೆಯ ಪೇಪರ್ ಸಿಕ್ಕಿದ ಮೇಲೆ ಪದಗಳ ಜೊತೆ ಗುದ್ದಾಡುವುದನ್ನು ನಿಲ್ಲಿಸುತ್ತೇನೆ. ಅದೇ ಪುಟದ ಕೆಳಗೆ ‘ಸಿಮಿಲರ್ ಆರ್ಟಿಕಲ್ಸ್’, ‘ಸೈಟೆಡ್ ಬೈ’ ಇರುತ್ತವೆ. ಆ ದಾರಿ ಹಿಡಿದರೆ ನನಗೆ ತೋಚದೇ ಇದ್ದ ಪದ ಬಳಸಿದ ಪೇಪರ್ ಕೂಡ ಸಿಗುತ್ತದೆ.

ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನಿಮಗೆ ಒಂದೆರಡು ಒಳ್ಳೆಯ ಪೇಪರ್ ಸಾಕೇ, ಅಥವಾ ಇರುವಷ್ಟೂ ಬೇಕೇ? ಅದರ ಮೇಲೆ ಎಷ್ಟು ಬಿಗಿ ಮಾಡಬೇಕು ಅನ್ನೋದು ನಿಂತಿದೆ.

ಸಿಸ್ಟಮ್ಯಾಟಿಕ್ ರಿವ್ಯೂ ತಂಡದಲ್ಲಿರುವವರು

ಗೈಡ್ ಕೊಟ್ಟ ಪೇಪರ್ ಪಟ್ಟಿಯಲ್ಲಿ ಇಲ್ಲ ಅಂತ ನೀವು ಗಮನಿಸಿದಿರಲ್ಲ, ಅದನ್ನು ಹಿಡಿದುಕೊಳ್ಳಿ. ಒಂದು ಪ್ರಶ್ನೆಯ ಮೇಲಿನ ಎಲ್ಲ ಅಧ್ಯಯನಗಳನ್ನೂ ಹುಡುಕಿ ಒಟ್ಟಿಗೆ ಪರಿಶೀಲಿಸುವ ನಮ್ಮ ತಂಡದಲ್ಲಿ ಇದನ್ನೇ ಪರೀಕ್ಷೆಯಾಗಿ ಇಟ್ಟುಕೊಂಡಿದ್ದೇವೆ.

ವಿಷಯಕ್ಕೆ ಖಂಡಿತ ಸೇರುವ ಐದಾರು ಪೇಪರ್ ಮೊದಲೇ ಆರಿಸಿಡಿ. ಪ್ರತಿ ಪೇಪರ್‌ಗೂ ಪಬ್‌ಮೆಡ್‌ನಲ್ಲಿ ಪಿಎಂಐಡಿ ಅಂತ ಒಂದು ನಂಬರ್ ಇರುತ್ತದೆ. ಆ ನಂಬರ್‌ಗಳನ್ನೆಲ್ಲ ‘ಆರ್’ ಹಾಕಿ ಒಂದು ಹುಡುಕಾಟ ಮಾಡಿ. ಅದು ಹಿಸ್ಟರಿಯಲ್ಲಿ 1ನೆಯದು ಅಂದುಕೊಳ್ಳಿ. ನಿಮ್ಮ ನಿಜವಾದ ಹುಡುಕಾಟ 2ನೆಯದು. ಈಗ ‘#1 ನಾಟ್ #2’ ಅಂತ ಕೊಡಿ, ಅಂದರೆ 1ರಲ್ಲಿ ಇದ್ದು 2ರಲ್ಲಿ ಇಲ್ಲದ್ದು. ಏನೂ ಬರಲಿಲ್ಲ ಅಂದರೆ ಗೊತ್ತಿರುವ ಪೇಪರ್‌ಗಳೆಲ್ಲ ಸಿಕ್ಕಿವೆ. ಒಂದು ಬಂತು ಅಂದರೆ ನಿಮ್ಮ ಜರಡಿಯಿಂದ ತಪ್ಪಿಸಿಕೊಂಡದ್ದು ಅದೇ. ಅದನ್ನು ತೆರೆದು ಲೇಖಕರು ಯಾವ ಪದ ಬಳಸಿದ್ದಾರೆ, ಯಾವ ಮೆಶ್ ಇದೆ ನೋಡಿ. ಪ್ರತಿ ಸಲ ಏನಾದರೂ ಬಿಗಿ ಮಾಡಿದಾಗ ಈ ಪರೀಕ್ಷೆ ಮತ್ತೆ ಮಾಡಿ. ಎರಡು ನಿಮಿಷದ ಕೆಲಸ.

ಇನ್ನು ಫಿಲ್ಟರ್. ಎಲ್ಲ ಫಿಲ್ಟರ್ ಒಂದೇ ಥರದವಲ್ಲ, ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಮನುಷ್ಯರು ಅಥವಾ ಪ್ರಾಣಿಗಳು, ಗಂಡು ಹೆಣ್ಣು, ವಯಸ್ಸು ಇವು ಕೆಲಸ ಮಾಡುವುದು ಮೆಶ್ ಚೀಟಿ ನೋಡಿ. ಚೀಟಿ ಇಲ್ಲದ ಹೊಸ ಪೇಪರ್ ಪೂರ್ತಿ ಮನುಷ್ಯರ ಮೇಲೆಯೇ ಆಗಿದ್ದರೂ ಮಾಯ. ಅಂದರೆ ನೀವು ‘ಕಳೆದ 5 ವರ್ಷ’ ಅಂತ ಹೊಸದನ್ನು ಕೇಳಿ, ‘ಮನುಷ್ಯರು’ ಒತ್ತಿ ಅದೇ ಹೊಸದರಲ್ಲಿ ಕೆಲವನ್ನು ಹೊರಗೆ ಹಾಕಿದಿರಿ. ಪ್ರಾಣಿಗಳ ಅಧ್ಯಯನ ಬೇಡ ಅಂದರೆ ‘ನಾಟ್ (ಆನಿಮಲ್ಸ್ [ಎಂಎಚ್] ನಾಟ್ ಹ್ಯೂಮನ್ಸ್ [ಎಂಎಚ್])’ ಅಂತ ಸೇರಿಸಿ. ಪ್ರಾಣಿ ಮಾತ್ರ ಇರುವುದು ಹೋಗುತ್ತದೆ. ಎರಡೂ ಇರುವುದು, ಚೀಟಿಯೇ ಇಲ್ಲದ್ದು, ಎರಡೂ ಉಳಿಯುತ್ತವೆ. ಬರೀ ‘ನಾಟ್ ಆನಿಮಲ್ಸ್’ ಮಾತ್ರ ಯಾವತ್ತೂ ಹಾಕಬೇಡಿ. ಮೆಶ್ ಮರದಲ್ಲಿ ಮನುಷ್ಯರೂ ಪ್ರಾಣಿಗಳ ಕೊಂಬೆಯ ಕೆಳಗೇ ಇದ್ದಾರೆ, ನಿಮಗೆ ಬೇಕಾದದ್ದೂ ಹೋಗಿಬಿಡುತ್ತದೆ.

‘ಉಚಿತ ಪೂರ್ಣ ಪಾಠ’ ಫಿಲ್ಟರ್ ಬಗ್ಗೆ ನನಗೆ ತುಂಬಾ ಬೇಸರ ಇದೆ. ಪೇಪರ್ ಉಚಿತವಾಗಿ ಸಿಗುವುದಕ್ಕೂ ಅದು ಚೆನ್ನಾಗಿರುವುದಕ್ಕೂ ಏನೂ ಸಂಬಂಧ ಇಲ್ಲ. ಹುಡುಕುವಾಗ ಎಲ್ಲವನ್ನೂ ಹುಡುಕಿ. ಪೂರ್ತಿ ಪ್ರತಿ ಸಿಗದಿದ್ದರೆ ಗ್ರಂಥಾಲಯದವರನ್ನು ಕೇಳಿ, ಇಲ್ಲವೇ ಲೇಖಕರಿಗೇ ಒಂದು ಇಮೇಲ್ ಹಾಕಿ. ನಾನು ಕೇಳಿದವರಲ್ಲಿ ಸುಮಾರು ಜನ ಸಂತೋಷದಿಂದ ಕಳಿಸಿಕೊಟ್ಟಿದ್ದಾರೆ.

ನಾನು ಪೆಟ್ಟು ತಿಂದ ಒಂದು ವಿಷಯ ಹೇಳುತ್ತೇನೆ. ಒಮ್ಮೆ ಒತ್ತಿದ ಫಿಲ್ಟರ್ ಮುಂದಿನ ಹುಡುಕಾಟಕ್ಕೂ ಹಾಗೇ ಉಳಿಯುತ್ತದೆ. ಒಂದು ದಿನ ಬೆಳಿಗ್ಗೆ ಯಾವುದಕ್ಕೋ ‘1 ವರ್ಷ’ ಅಂತ ಒತ್ತಿದ್ದೆ. ಮಧ್ಯಾಹ್ನ ಬೇರೆ ವಿಷಯ ಹುಡುಕಿದರೆ ನಾಲ್ಕೇ ಪೇಪರ್. ಈ ವಿಷಯದ ಮೇಲೆ ಕೆಲಸವೇ ಆಗಿಲ್ಲ ಅಂತ ತಂಡಕ್ಕೆ ಹೇಳಿಯೂ ಬಿಟ್ಟೆ. ರಿಸಲ್ಟ್‌ಗಳ ಮೇಲ್ಗಡೆ ‘ಫಿಲ್ಟರ್ಸ್ ಅಪ್ಲೈಡ್’ ಅನ್ನೋ ಸಾಲು ಸಂಜೆ ಕಣ್ಣಿಗೆ ಬಿತ್ತು. ಈಗ ಯಾವ ಹುಡುಕಾಟ ಶುರು ಮಾಡಿದರೂ ಮೊದಲು ‘ಕ್ಲಿಯರ್ ಆಲ್’.

ಫಾರ್ಮಸಿ ಸಂಶೋಧನಾ ವಿದ್ಯಾರ್ಥಿ

ಕೋಟ್ ಮಾರ್ಕ್ ಬಗ್ಗೆ ಯಾರೂ ಹೇಳಲಿಲ್ಲ. ಕೋಟ್ ಹಾಕಿದರೆ ರಿಸಲ್ಟ್ ಕಡಿಮೆ ಆಗುತ್ತವೆ ಅಂತ ನಾನು ಎಲ್ಲಕ್ಕೂ ಹಾಕುತ್ತಿದ್ದೆ. ಆದರೆ ಕೋಟ್ ಹಾಕಿದ ಕೂಡಲೇ ಪಬ್‌ಮೆಡ್ ತಾನಾಗಿ ಮೆಶ್ ಪದ ಸೇರಿಸಿಕೊಳ್ಳುವುದು ನಿಂತುಹೋಗುತ್ತದೆ. ‘ಡಯಾಬಿಟಿಕ್ ಫುಟ್ ಅಲ್ಸರ್’ ಅಂತ ಕೋಟ್‌ನಲ್ಲಿ ಹಾಕಿದರೆ ‘ಅಲ್ಸರ್ ಆಫ್ ದ ಡಯಾಬಿಟಿಕ್ ಫುಟ್’ ಸಿಗುವುದಿಲ್ಲ. 2022ರಿಂದ ಇದಕ್ಕೆ ಒಂದು ದಾರಿ ಇದೆ. ಕೋಟ್‌ನಲ್ಲಿ ‘ಡಯಾಬಿಟಿಕ್ ಅಲ್ಸರ್’ ಹಾಕಿ, ಬ್ರಾಕೆಟ್ಟಿನಲ್ಲಿ ಟಿಐಎಬಿ ಆದಮೇಲೆ ಕೋಲನ್, ಅಲೆಯ ಗುರುತು, 4 ಅಂತ ಬರೆಯಿರಿ: [ಟಿಐಎಬಿ:~4]. ಎರಡು ಪದಗಳ ನಡುವೆ ನಾಲ್ಕು ಪದದವರೆಗೆ ಅಂತರ ಇದ್ದರೂ, ಹಿಂದುಮುಂದಾಗಿದ್ದರೂ ಹಿಡಿಯುತ್ತದೆ. ಇದರ ಜೊತೆ ಸ್ಟಾರ್ ಗುರುತು ಕೆಲಸ ಮಾಡುವುದಿಲ್ಲ, ಏಕವಚನ ಬಹುವಚನ ಎರಡನ್ನೂ ಬೇರೆ ಬೇರೆ ಹಾಕಬೇಕು.

ಕೇಳಿದವರು, ಎರಡು ದಿನದ ನಂತರ

ಎಲ್ಲರಿಗೂ ತುಂಬಾ ಧನ್ಯವಾದ. ಫಿಲ್ಟರ್ ಎಲ್ಲ ತೆಗೆದು ಎರಡು ಗುಂಪಿನ ಸಾಲು ಹಾಕಿದೆ. ಫಿಲ್ಟರ್ ಒಂದೂ ಇಲ್ಲದೆ, ಒಂದೆರಡು ವಾರ ಕೂತು ಓದಬಹುದಾದಷ್ಟೇ ಬಂದವು! ಗೈಡ್ ಕೊಟ್ಟ ಎರಡೂ ಪೇಪರ್ ಇವೆ. ಆಮೇಲೆ ಫಿಲ್ಟರ್‌ಗಳನ್ನು ಒಂದೊಂದಾಗಿ ಹಾಕಿ ‘#1 ನಾಟ್ #2’ ಪರೀಕ್ಷೆ ಮಾಡಿದೆ. ಒಂದು ಪೇಪರ್ ಹೋಗಿದ್ದು ‘ಉಚಿತ’ ಒತ್ತಿದಾಗ. ಇನ್ನೊಂದು ಹೊಸದು, ಮೆಶ್ ಪದ ಒಂದೂ ಇಲ್ಲ, ‘ಮನುಷ್ಯರು’ ಒತ್ತಿದಾಗ ಹೋಯಿತು. ಅದರಲ್ಲಿ ಇರುವವರೆಲ್ಲ ರೋಗಿಗಳೇ.

ಇನ್ನೊಂದು ಸಂದೇಹ. ಥೀಸಿಸ್ ಮುಗಿಯುವಷ್ಟರಲ್ಲಿ ಹೊಸ ಪೇಪರ್ ಬಂದರೆ ಏನು ಮಾಡುವುದು?

ವೈದ್ಯಕೀಯ ಗ್ರಂಥಾಲಯದಲ್ಲಿ ಕೆಲಸ ಮಾಡುವವರು

ಕೇಳಿ ತುಂಬಾ ಖುಷಿಯಾಯಿತು. ಪಬ್‌ಮೆಡ್ ನಡೆಸುವ ಎನ್‌ಸಿಬಿಐ ಸಂಸ್ಥೆಯ ಖಾತೆ ತೆರೆದುಕೊಳ್ಳಿ, ಹಣ ಕೊಡಬೇಕಿಲ್ಲ. ಹುಡುಕುವ ಪೆಟ್ಟಿಗೆಯ ಕೆಳಗೆ ‘ಕ್ರಿಯೇಟ್ ಅಲರ್ಟ್’ ಇದೆ. ಅದರಲ್ಲಿ ವಾರಕ್ಕೋ ತಿಂಗಳಿಗೋ ಒಮ್ಮೆ ಅಂತ ಇಟ್ಟರೆ ಹೊಸದು ಬಂದಾಗ ಇಮೇಲ್ ಬರುತ್ತದೆ. ಹಿಸ್ಟರಿಯನ್ನು ಮಾತ್ರ ನಂಬಿಕೊಂಡು ಕೂರಬೇಡಿ, 8 ಗಂಟೆ ಮುಟ್ಟದೆ ಬಿಟ್ಟರೆ ಅಳಿಸಿಹೋಗುತ್ತದೆ. ಇವತ್ತೇ ಆ ಪೂರ್ತಿ ಸಾಲನ್ನು ಕಾಪಿ ಮಾಡಿ ಒಂದು ಫೈಲಿನಲ್ಲಿ ಇಡಿ. ಪಕ್ಕದಲ್ಲಿ ಹುಡುಕಿದ ತಾರೀಖು, ಬಂದ ಪೇಪರ್‌ಗಳ ಸಂಖ್ಯೆ ಬರೆಯಿರಿ. ಥೀಸಿಸ್‌ನ ವಿಧಾನದ ಅಧ್ಯಾಯದಲ್ಲಿ ಪರೀಕ್ಷಕರು ಕೇಳುವುದು ಅದನ್ನೇ.