‘ಟೇಂಟೆಡ್ ಲವ್’ ಯಾರ ಹಾಡು? ಅರೇಂಜರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಸರ್, ‘ಟೇಂಟೆಡ್ ಲವ್’ ಅಂದರೆ ಸಾಫ್ಟ್ ಸೆಲ್ ಜೋಡಿಯ 1981ರ ಹಾಡು ಅಂತಲೇ ಅಂದುಕೊಂಡಿದ್ದೆ. ಮೊನ್ನೆ ಗ್ಲೋರಿಯಾ ಜೋನ್ಸ್ ಹಾಡಿದ್ದು ಕಿವಿಗೆ ಬಿತ್ತು. ಬ್ರಾಸ್ (ತುತ್ತೂರಿಯಂಥ ಊದುವ ವಾದ್ಯಗಳು), ಡ್ರಮ್ಸ್, ಹಿಂದೆ ಕೋರಸ್, ಒಂದೇ ಸಮನೆ ಓಟ. ಯಾವುದು ಮೊದಲಿನದು? ನೀವು ಅರೇಂಜ್‌ಮೆಂಟ್ ಮಾಡುವವರು, ಅಂದರೆ ಹಾಡಿಗೆ ವಾದ್ಯಗಳನ್ನು ಹೊಂದಿಸುವವರು, ನಿಮಗೆ ಯಾವುದು ಹೆಚ್ಚು ಅನಿಸುತ್ತದೆ?

ಉತ್ತರ: ಮೊದಲು ಹಾಡಿದವರು ಗ್ಲೋರಿಯಾ ಜೋನ್ಸ್. ಬರೆದವರು ಎಡ್ ಕಾಬ್. ಇವರು ‘ದಿ ಫೋರ್ ಪ್ರೆಪ್ಸ್’ ಅನ್ನೋ ಅಮೆರಿಕದ ತಂಡದಲ್ಲಿ ಹಾಡುತ್ತಿದ್ದರು. ಆಮೇಲೆ ಹಾಡು ಬರೆಯುವುದು, ಪ್ರೊಡ್ಯೂಸ್ ಮಾಡುವುದು ಅಂತ ಆ ಕಡೆ ಹೊರಳಿದರು. ಜೋನ್ಸ್ ಅವರ ರೆಕಾರ್ಡ್ ಹೊರಬಂದದ್ದು 1965ರಲ್ಲಿ, ಅದೂ ಬಿ-ಸೈಡ್ ಆಗಿ, ಅಂದರೆ ಬದಿಗೊಂದು ಹಾಡಿರುವ ‘ಸಿಂಗಲ್’ ರೆಕಾರ್ಡಿನ ಹಿಂಬದಿಯಲ್ಲಿ. ಕಂಪನಿ ನಂಬಿಕೆ ಇಟ್ಟದ್ದು ಎ-ಸೈಡ್ ಮೇಲೆ. ಅದೂ ಓಡಲಿಲ್ಲ, ಇದೂ ಓಡಲಿಲ್ಲ. ಯಾವುದು ಹೆಚ್ಚು ಅನ್ನೋದಕ್ಕೆ ಮುಂದೆ ಬರುತ್ತೇನೆ. ಅದಕ್ಕೆ ಸ್ವಲ್ಪ ಜಾಗ ಬೇಕು.

ಮರುಪ್ರಶ್ನೆ: ಅಮೆರಿಕದಲ್ಲೇ ಬಿದ್ದುಹೋದ ಬಿ-ಸೈಡ್ ಇಂಗ್ಲೆಂಡಿನ ಹುಡುಗರ ಕೈಗೆ ಹೇಗೆ ಸಿಕ್ಕಿತು?

ಉತ್ತರ: ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಉತ್ತರ ಇಂಗ್ಲೆಂಡಿನ ಊರುಗಳಲ್ಲಿ ‘ನಾರ್ದರ್ನ್ ಸೋಲ್’ ಅನ್ನೋ ಹುಚ್ಚು ಹಬ್ಬಿತ್ತು. ರಾತ್ರಿಯಿಡೀ ಕುಣಿತ. ಬೇಕಾಗಿದ್ದದ್ದು 60ರ ದಶಕದ ವೇಗದ ಅಮೆರಿಕನ್ ಸೋಲ್ (ಅಲ್ಲಿನ ಕಪ್ಪು ಜನರ ಸಂಗೀತ ಶೈಲಿ) ಹಾಡುಗಳು, ಅದರಲ್ಲೂ ಯಾರೂ ಕೇಳಿರದ ಹಾಡುಗಳು. ಹಿಟ್ ಆಗಿದ್ದ ಹಾಡಿಗೆ ಅಲ್ಲಿ ಅಷ್ಟು ಬೆಲೆ ಇರಲಿಲ್ಲ. ಒಬ್ಬ ಡಿಜೆಗೆ ಸಿಕ್ಕ ಅಪರೂಪದ ರೆಕಾರ್ಡ್ ಇನ್ನೊಬ್ಬನಿಗೆ ಗೊತ್ತಾಗಬಾರದು ಅಂತ ಲೇಬಲ್ ಮೇಲೆ ಕಾಗದ ಅಂಟಿಸಿ, ಸುಳ್ಳು ಹೆಸರು ಹೇಳಿ ಹಾಕುತ್ತಿದ್ದರು.

ರಿಚರ್ಡ್ ಸರ್ಲಿಂಗ್ ಅನ್ನೋ ಡಿಜೆ 1973ರಲ್ಲಿ ಅಮೆರಿಕಕ್ಕೆ ಹೋದಾಗ ಜೋನ್ಸ್ ಅವರ ಈ ರೆಕಾರ್ಡ್ ಕೊಂಡು ತಂದರು. ಬೋಲ್ಟನ್‌ನ ಕ್ಲಬ್‌ನಲ್ಲಿ, ಆಮೇಲೆ ವಿಗನ್ ಕ್ಯಾಸಿನೋ ಅನ್ನೋ ಕುಣಿತದ ಕ್ಲಬ್‌ನಲ್ಲಿ ಹಾಕಿದರು. ಕುಣಿಯುವವರು ಬಿಡಲೇ ಇಲ್ಲ. ಆ ಬಿಸಿಯಲ್ಲೇ ಜೋನ್ಸ್ 1976ರಲ್ಲಿ ಇದನ್ನು ಮತ್ತೆ ಹಾಡಿದರು. ಪ್ರೊಡ್ಯೂಸ್ ಮಾಡಿದ್ದು ಅವರ ಸಂಗಾತಿ, ಬ್ರಿಟನ್‌ನ ರಾಕ್ ಗಾಯಕ ಮಾರ್ಕ್ ಬೋಲನ್. ಚಾರ್ಟ್ (ಜನಪ್ರಿಯ ಹಾಡುಗಳ ಪಟ್ಟಿ) ಹತ್ತಲಿಲ್ಲ. ಆದರೆ ಬ್ಲ್ಯಾಕ್‌ಪೂಲ್‌ನಲ್ಲಿ ಬೆಳೆದ ಡೇವ್ ಬಾಲ್ ಕಿವಿಯಲ್ಲಿ ನಾರ್ದರ್ನ್ ಸೋಲ್ ಕೂತುಬಿಟ್ಟಿತ್ತು. ಲೀಡ್ಸ್‌ನಲ್ಲಿ ಓದುವಾಗ ಅವರಿಗೆ ಸಿಕ್ಕ ಗೆಳೆಯ ಮಾರ್ಕ್ ಆಲ್ಮಂಡ್. ಇಬ್ಬರೂ ಸೇರಿದ್ದೇ ಸಾಫ್ಟ್ ಸೆಲ್.

ಪ್ರಶ್ನೆ (ಇನ್ನೊಬ್ಬರು): ನಾನು ಕೀಬೋರ್ಡ್ ಕಲಿಯುತ್ತಿದ್ದೇನೆ ಸರ್. ಎರಡೂ ಹಾಡಿನ ಟ್ಯೂನ್ ಒಂದೇ. ಆದರೂ ಬೇರೆ ಬೇರೆ ಹಾಡು ಅನಿಸುತ್ತದೆ. ಏನು ಬದಲಾಯಿಸಿದರು?

ಉತ್ತರ: ಒಳ್ಳೆ ಪ್ರಶ್ನೆ. ಅವರು ಹಾಕಿದ್ದಕ್ಕಿಂತ ತೆಗೆದದ್ದೇ ಜಾಸ್ತಿ.

ಜೋನ್ಸ್ ಹಾಡಿನಲ್ಲಿ ಖಾಲಿ ಜಾಗವೇ ಇಲ್ಲ. ಡ್ರಮ್ಸ್ ಪ್ರತಿ ಬೀಟಿಗೂ ಗುದ್ದುತ್ತದೆ, ಬ್ರಾಸ್ ಮೇಲಿಂದ ತಳ್ಳುತ್ತದೆ, ಕೋರಸ್ ಸಾಲಿಗೆ ಸಾಲು ಸೇರಿಸುತ್ತದೆ. ಕೆಟ್ಟುಹೋದ ಪ್ರೀತಿಯನ್ನು ಬಿಟ್ಟು ಹೋಗುವ ಹಾಡು ಇದು. ಹಾಡುವ ಹುಡುಗಿ ಆಗಲೇ ಬಾಗಿಲು ದಾಟಿ ಹೊರಟಿದ್ದಾಳೆ. ದನಿಯಲ್ಲಿ ಇರುವುದು ಸಿಟ್ಟು.

ಸಾಫ್ಟ್ ಸೆಲ್‌ನವರು ಮೊದಲು ವೇಗ ಇಳಿಸಿದರು. ಆಲ್ಮಂಡ್ ದನಿ ಕೆಳಗಿನದು, ಅದಕ್ಕೆ ‘ಸಿ’ ಶ್ರುತಿಯಿಂದ ‘ಜಿ’ಗೆ ತಂದರು. ಗಿಟಾರ್ ಇಲ್ಲ, ಬ್ರಾಸ್ ಇಲ್ಲ, ಡ್ರಮ್ಸ್ ಬಾರಿಸುವ ಮನುಷ್ಯನೂ ಇಲ್ಲ. ಎಲ್ಲ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಮತ್ತು ಯಂತ್ರದ ಬೀಟು. ಈಗ ಹೆಡ್‌ಫೋನ್ ಹಾಕಿಕೊಂಡು ಆ ‘ಟಿಂಕ್ ಟಿಂಕ್’ ಕೇಳಿ. ಆಲ್ಮಂಡ್ ಒಂದು ತುಣುಕು ಹಾಡಿ ನಿಲ್ಲುತ್ತಾರೆ. ಆ ಸಂದಿಯಲ್ಲಿ ಎರಡೇ ಪೆಟ್ಟು, ಗಾಜಿಗೆ ಚಮಚ ತಾಗಿಸಿದ ಹಾಗೆ. ಆಮೇಲೆ ಮತ್ತೆ ದನಿ. ಹಿಂದೆ ಕೋರಸ್ಸೂ ಬ್ರಾಸೂ ತುಂಬಿದ್ದ ಕಡೆ ಈಗ ಇರುವುದು ಅಷ್ಟೇ. ಇಲ್ಲಿ ಹಾಡುವವನು ಹೊರಟಿಲ್ಲ. ಹೋಗಬೇಕು ಅಂತಾನೆ, ಬಾಗಿಲ ಹತ್ತಿರವೇ ನಿಂತಿದ್ದಾನೆ. ಮಾತು ಅದೇ, ಆದರೆ ಸಿಟ್ಟು ಹೋಗಿ ಸಂಕಟ ಬಂತು.

ಇನ್ನೊಂದು ವಿಷಯ. ಇವರ ಹಿಂದಿನ ಸಿಂಗಲ್ ಚಾರ್ಟ್ ಮುಟ್ಟಿರಲಿಲ್ಲ. ಕಂಪನಿ ಇನ್ನೊಂದೇ ಅವಕಾಶ ಕೊಟ್ಟಿತ್ತು. ಲಂಡನ್‌ನ ಅಡ್ವಿಷನ್ ಸ್ಟುಡಿಯೋದಲ್ಲಿ ಮೈಕ್ ಥಾರ್ನ್ ಪ್ರೊಡ್ಯೂಸರ್ ಆಗಿ ಕೂತು ಒಂದೂವರೆ ದಿನದಲ್ಲಿ ಕೆಲಸ ಮುಗಿಸಿದರು. ಆಲ್ಮಂಡ್ ಹಾಡಿದ ಮೊದಲ ಟೇಕನ್ನೇ ಇಟ್ಟುಕೊಂಡರು. ನಾನು ಸ್ಟುಡಿಯೋದಲ್ಲಿ ಗಾಯಕರಿಗೆ ಇದನ್ನೇ ಹೇಳುತ್ತಿರುತ್ತೇನೆ. ಸ್ವರ ಸ್ವಲ್ಪ ಅತ್ತಿತ್ತ ಆದರೂ ಪರವಾಗಿಲ್ಲ, ಮೊದಲ ಸಲದ ಬಿಸಿ ಹತ್ತನೇ ಸಲ ಬರಲ್ಲ.

ಬ್ರಿಟನ್‌ನಲ್ಲಿ ನಂಬರ್ 1 ಆಯಿತು. ಅಮೆರಿಕದ ಹಾಟ್ 100 ಪಟ್ಟಿಯಲ್ಲಿ 8ನೇ ಸ್ಥಾನದವರೆಗೂ ಹತ್ತಿ, ಒಟ್ಟು 43 ವಾರ ಅಲ್ಲೇ ಕೂತಿತ್ತು. ಆಗ ಅದೇ ದಾಖಲೆ. ಅದೇ 1981ರ ಡಿಸೆಂಬರ್‌ನಲ್ಲಿ ವಿಗನ್ ಕ್ಯಾಸಿನೋ ಬಾಗಿಲು ಮುಚ್ಚಿತು.

ನನ್ನ ಅಭಿಪ್ರಾಯ ಕೇಳಿದ್ದಿರಲ್ಲ, ಹೇಳಿಬಿಡುತ್ತೇನೆ. ಗಾಯನಕ್ಕೆ ಜೋನ್ಸ್. ಅರೇಂಜ್‌ಮೆಂಟಿಗೆ ಸಾಫ್ಟ್ ಸೆಲ್, ಅದರಲ್ಲಿ ಎರಡು ಮಾತಿಲ್ಲ.

ಪ್ರಶ್ನೆ: ಅಷ್ಟು ದೊಡ್ಡ ಹಿಟ್ ಅಂದಮೇಲೆ ಸಾಫ್ಟ್ ಸೆಲ್‌ನ ಇಬ್ಬರೂ ಚೆನ್ನಾಗಿ ದುಡಿದಿರಬೇಕು ಅಲ್ವಾ?

ಉತ್ತರ: ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಒಂದು ರೆಕಾರ್ಡಿನಲ್ಲಿ ಎರಡು ಹಕ್ಕು ಇರುತ್ತವೆ. ಹಾಡು ಬರೆದವರದು ಒಂದು, ಆ ಧ್ವನಿಮುದ್ರಣದ್ದು ಇನ್ನೊಂದು. ಕವರ್ ಮಾಡಿದರೆ, ಅಂದರೆ ಇನ್ನೊಬ್ಬರ ಹಾಡನ್ನು ಹೊಸದಾಗಿ ಹಾಡಿ ರೆಕಾರ್ಡ್ ಮಾಡಿದರೆ, ಬರೆದವರ ಪಾಲು ನಿಮಗೆ ಬರಲ್ಲ, ಎಷ್ಟೇ ಮಾರಾಟವಾದರೂ. ‘ಟೇಂಟೆಡ್ ಲವ್’ನ ಆ ಪಾಲು ಎಡ್ ಕಾಬ್ ಕಡೆಗೆ.

ಹಾಗಾಗಿ ಕವರ್ ಮಾಡುವವರು ಬಿ-ಸೈಡ್‌ಗೆ ಸ್ವಂತ ಹಾಡು ಹಾಕುತ್ತಾರೆ. ಆಗ ಸಿಂಗಲ್ ಮಾರಾಟವಾದಾಗೆಲ್ಲ ಒಂದು ಬದಿಯದ್ದಾದರೂ ಬರೆದವರ ಹಣ ಕೈಗೆ ಬರುತ್ತದೆ. ಸಾಫ್ಟ್ ಸೆಲ್ ಅಲ್ಲೂ ಇನ್ನೊಬ್ಬರ ಹಾಡನ್ನೇ ಹಾಕಿದರು, ಅಮೆರಿಕದ ಗಾಯಕಿಯರ ತಂಡ ಸುಪ್ರೀಮ್ಸ್ 1964ರಲ್ಲಿ ಹಾಡಿದ್ದ ‘ವೇರ್ ಡಿಡ್ ಅವರ್ ಲವ್ ಗೋ’. 12 ಇಂಚಿನ ರೆಕಾರ್ಡಿನಲ್ಲಂತೂ ಒಂದು ಹಾಡು ಇನ್ನೊಂದರೊಳಗೆ ಸಲೀಸಾಗಿ ಜಾರುತ್ತದೆ. ಕೇಳಲು ಅದ್ಭುತ. ಆದರೆ ಎರಡೂ ಬದಿಯ ಬರವಣಿಗೆ ಹಣ ಬೇರೆಯವರಿಗೆ. ಹೊಸ ತಂಡಗಳಿಗೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡಬೇಕಾದ ವಿಷಯ ಇದು.

ಪ್ರಶ್ನೆ: ರಿಹಾನಾ ಹಾಡಿನಲ್ಲೂ ಇದೇ ಟ್ಯೂನ್ ಇದೆಯಲ್ಲ? ಅದೂ ಕವರ್ರಾ?

ಉತ್ತರ: ಅಲ್ಲ, ಅದು ಸ್ಯಾಂಪಲ್. 2006ರ ‘ಎಸ್‌ಒಎಸ್’ನಲ್ಲಿ ಸಾಫ್ಟ್ ಸೆಲ್ ರೆಕಾರ್ಡಿಂಗ್‌ನ ತುಣುಕನ್ನೇ ಎತ್ತಿ ಅದರ ಮೇಲೆ ಹೊಸ ಹಾಡು ಕಟ್ಟಿದ್ದಾರೆ. ಬರೆದವರ ಸಾಲಿನಲ್ಲಿ ಕಾಬ್ ಹೆಸರೂ ಇದೆ. ಅವರು 1999ರಲ್ಲೇ ತೀರಿಕೊಂಡಿದ್ದರು, ಆದರೂ ಹೆಸರು ಹಾಕಿದ್ದಾರೆ. ಅಮೆರಿಕದಲ್ಲಿ ‘ಎಸ್‌ಒಎಸ್’ ನಂಬರ್ 1 ಆಯಿತು. ಅಮೆರಿಕದ ರಾಕ್ ಗಾಯಕ ಮರಿಲಿನ್ ಮ್ಯಾನ್ಸನ್ 2001ರಲ್ಲಿ ಮಾಡಿದ್ದು ಕವರ್. ಗಿಟಾರ್ ಜೋರು, ಆದರೆ ಅಸ್ಥಿಪಂಜರ ಸಾಫ್ಟ್ ಸೆಲ್‌ನದೇ. ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಎಲ್ಲರೂ ಕೇಳಬೇಕಾದದ್ದು ಬ್ರಿಟನ್‌ನ ಕಾಯಿಲ್ ತಂಡದ 1985ರ ಕವರ್. ಕುಣಿತವನ್ನೇ ಕಿತ್ತುಹಾಕಿ, ಅಂತ್ಯಯಾತ್ರೆಯ ವೇಗಕ್ಕೆ ಇಳಿಸಿದ್ದಾರೆ. ಅದು ಏಡ್ಸ್ ಹೊಸದಾಗಿ ಜನರನ್ನು ಕೊಲ್ಲುತ್ತಿದ್ದ ಕಾಲ. ಹಾಡಿನ ಲಾಭ ಏಡ್ಸ್ ರೋಗಿಗಳಿಗಾಗಿ ದುಡಿಯುತ್ತಿದ್ದ ಬ್ರಿಟನ್‌ನ ಟೆರೆನ್ಸ್ ಹಿಗ್ಗಿನ್ಸ್ ಟ್ರಸ್ಟ್‌ಗೆ ಹೋಯಿತು. ವಿಡಿಯೋದಲ್ಲಿ ಸ್ವತಃ ಆಲ್ಮಂಡ್ ಕಾಣಿಸಿಕೊಂಡಿದ್ದಾರೆ. ‘ಟೇಂಟೆಡ್’ ಅಂದರೆ ಕಳಂಕ ಹತ್ತಿದ್ದು. ಜೋನ್ಸ್ ಹಾಡುವಾಗ ಕಳಂಕ ಹತ್ತಿದ್ದು ಪ್ರೀತಿಗೆ. ಇಲ್ಲಿ ಅದು ಮೈಗೆ, ರಕ್ತಕ್ಕೆ ಹತ್ತಿದೆ. ಒಂದು ಪದವನ್ನೂ ಹೊಸದಾಗಿ ಸೇರಿಸದೆ ಅದನ್ನು ಹೇಳಿದ್ದಾರೆ. ಕವರ್ ಯಾಕೆ ಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹಾಕಿ ಕೇಳಿಸುತ್ತೇನೆ.

ಪ್ರಶ್ನೆ (ಕೀಬೋರ್ಡ್ ಕಲಿಯುವವರು): ಹಾಗಾದರೆ ಸಾಫ್ಟ್ ಸೆಲ್‌ನವರು ಕಾಬ್ ಅವರ ಅನುಮತಿ ಕೇಳಬೇಕಿತ್ತಾ?

ಉತ್ತರ: ಅಮೆರಿಕದ ಕಾನೂನನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಒಂದು ಹಾಡು ಒಮ್ಮೆ ರೆಕಾರ್ಡ್ ಆಗಿ ಹೊರಬಂದಮೇಲೆ ಯಾರು ಬೇಕಾದರೂ ಅದನ್ನು ತಮ್ಮ ರೀತಿಯಲ್ಲಿ ರೆಕಾರ್ಡ್ ಮಾಡಬಹುದು. ನಿಯಮದ ಪ್ರಕಾರ ನೋಟಿಸ್ ಕೊಡಬೇಕು, ಕಾನೂನು ಗೊತ್ತುಮಾಡಿದ ದರ ಕಟ್ಟಬೇಕು. 1909ರಿಂದ 1977ರ ಕೊನೆವರೆಗೂ ಆ ದರ ಪ್ರತಿಗೆ 2 ಸೆಂಟ್. ನಿಮ್ಮ ಶೈಲಿಗೆ ಹೊಂದಿಸಿಕೊಳ್ಳಬಹುದು, ಮೂಲ ಟ್ಯೂನನ್ನೇ ಕೆಡಿಸುವ ಹಾಗಿಲ್ಲ. ಸ್ಯಾಂಪಲ್ ಮಾಡುವವರಿಗೆ ಈ ದಾರಿ ಇಲ್ಲ. ಅವರು ಹಾಡು ಬರೆದವರ ಕಡೆಯಿಂದಲೂ, ಧ್ವನಿಮುದ್ರಣದ ಮಾಲೀಕರ ಕಡೆಯಿಂದಲೂ ಒಪ್ಪಿಗೆ ತರಬೇಕು. ಒಬ್ಬರು ಆಗಲ್ಲ ಅಂದರೂ ಮುಗಿಯಿತು. ನೀವು ಕೀಬೋರ್ಡ್‌ನಲ್ಲಿ ಅಭ್ಯಾಸ ಮಾಡುವುದಕ್ಕೆ ಇದ್ಯಾವುದೂ ಬೇಡ. ಸಾಫ್ಟ್ ಸೆಲ್‌ನ ಬೇಸ್ ಸಾಲಿನಿಂದ ಶುರು ಮಾಡಿ, ಎಡಗೈ ಗಟ್ಟಿಯಾದ ಮೇಲೆ ಆ ಎರಡು ಪೆಟ್ಟು ಸೇರಿಸಿ.